ಹಿಂದೆ ಸರಿದು ಬೆಳೆದ ಆಟಗಾರ

1998ರ ಬೇಸಗೆಯಲ್ಲಿ ತವರಿನ ಬ್ರೆಷಾ ಕ್ಲಬ್ಬನ್ನು ಬಿಟ್ಟು ಮಿಲಾನ್ ನಗರದ ಇಂಟರ್ ಕ್ಲಬ್ಬನ್ನು ಸೇರಿದಾಗ ಆಂದ್ರೆಯಾ ಪಿರ್ಲೊನಿಗೆ ಹತ್ತೊಂಬತ್ತು ವರ್ಷ. ಇಟಲಿಯ ಕಾಲ್ಚೆಂಡಿನ ಮರ್ಮವನ್ನು ಬಲ್ಲವರು ಈ ತರುಣನಲ್ಲಿ ಅಸಾಧಾರಣವಾದ ಪ್ರತಿಭೆಯುಂಟೆಂದು ಒಪ್ಪಿದ್ದರು. ಆದರೆ ಆ ಪ್ರತಿಭೆಯನ್ನು ಎಲ್ಲಿ ನಿಲ್ಲಿಸಿ ಬಳಸಿಕೊಳ್ಳಬೇಕೆಂಬುದು ಇಂಟರ್ ಕ್ಲಬ್ಬಿನಲ್ಲಿ ಯಾರಿಗೂ ಹೊಳೆಯಲಿಲ್ಲ. ಅವನು ಸೇರಿದ ಆ ಒಂದು ಋತುವಿನಲ್ಲಿಯೇ ಕ್ಲಬ್ಬು ನಾಲ್ವರು ತರಬೇತುದಾರರನ್ನು ಕಂಡಿತು. ಒಬ್ಬನ ಮೆಚ್ಚುಗೆಗೆ ಪಾತ್ರನಾದವನು ಮತ್ತೊಬ್ಬನ ಗಣನೆಗೇ ಬಾರದೆ ಹೋಗುವಂಥ ಆ ಅಸ್ಥಿರತೆಯಲ್ಲಿ ಹೊಸಬನಿಗೆ ನೆಲೆ ಸಿಕ್ಕುವುದು ದುಸ್ಸಾಧ್ಯವೇ ಆಗಿದ್ದಿತು. ಮರುವರ್ಷ ಅವನನ್ನು ದೇಶದ ದಕ್ಷಿಣ ತುದಿಯ ರೆಜ್ಜಿನಾ ಕ್ಲಬ್ಬಿಗೆ ಎರವಲಾಗಿ ಕೊಟ್ಟರು. ಹಿಂದಿರುಗಿದ ಮೇಲೂ ಇಂಟರ್ ತಂಡದಲ್ಲಿ ಸ್ಥಾನ ದೊರೆಯದೆ, 2001ರ ಜನವರಿಯಲ್ಲಿ, ತಾನು ಬಿಟ್ಟುಬಂದಿದ್ದ ಬ್ರೆಷಾಕ್ಕೇ ಮತ್ತೆ ಎರವಲಿನ ಆಟಗಾರನಾಗಿ ಹೋಗಬೇಕಾಯಿತು. ಇದಾದ ಐದೂವರೆ ವರ್ಷಗಳಿಗೆ, 2006ರ ಜುಲೈ 9ರಂದು, ಬರ್ಲಿನ್ ನಗರದಲ್ಲಿ ನಡೆದ ವಿಶ್ವಕಪ್ ಫೈನಲಿನ ಶ್ರೇಷ್ಠ ಆಟಗಾರನೆಂದು ಘೋಷಿತನಾದವನು ಈ ಪಿರ್ಲೊನೇ.

ಇಷ್ಟರೊಳಗೆ ಅವನ ಕಾಲಿಗೆ ಹೊಸ ವೇಗವೇನೂ ಬಂದಿರಲಿಲ್ಲ. ದೇಹವೂ ಮೊದಲಿನಂತೆಯೇ ಸಾಧಾರಣವಾದುದಾಗಿತ್ತು. ಬದಲಾದುದು ಮೈದಾನದಲ್ಲಿ ಅವನು ನಿಲ್ಲುತ್ತಿದ್ದ ಜಾಗ. ಮುಂಚೂಣಿಯವರ ಬೆನ್ನಿಗೇ ನಿಂತು ಆಡುತ್ತಿದ್ದವನನ್ನು ಹಿಂದಕ್ಕೆ ಕರೆದು ಅವನದೇ ತಂಡದ ರಕ್ಷಣಾ ಪಂಕ್ತಿಯ ಎದುರಿಗೆ ನಿಲ್ಲಿಸಿದರು. ಗೋಲಿನಿಂದ ದೂರ ಸರಿದುದರಿಂದಲೇ ಗೋಲುಗಳಿಗೆ ಮೂಲನಾದ ಈ ಆಟಗಾರನ ವೃತ್ತಿಜೀವನವು ಕ್ರೀಡಾಸಕ್ತರಿಗಷ್ಟೇ ಅಲ್ಲದೆ, ಮನುಷ್ಯನ ಯೋಗ್ಯತೆಗೂ ಅವನಿಗೆ ದೊರೆಯುವ ಸ್ಥಾನಕ್ಕೂ ಇರತಕ್ಕ ಸಂಬಂಧವನ್ನು ಕುರಿತು ಯೋಚಿಸುವವರಿಗೂ ಅಧ್ಯಯನಯೋಗ್ಯವಾದುದೆಂದು ನಾನು ನಂಬಿದ್ದೇನೆ.

ಪಿರ್ಲೊ ಹುಟ್ಟಿದ್ದು 1979ರ ಮೇ 19ರಂದು, ಉತ್ತರ ಇಟಲಿಯ ಲೊಂಬಾರ್ಡಿ ಪ್ರಾಂತದಲ್ಲಿ, ಬ್ರೆಷಾ ನಗರಕ್ಕೆ ಅಂಟಿಕೊಂಡಂತಿರುವ ಫ್ಲೆರೊ ಎಂಬ ಸಣ್ಣ ಊರಿನಲ್ಲಿ. ಬ್ರೆಷಾ ಕ್ಲಬ್ಬಿನ ಬಾಲಕರ ತಂಡಗಳಲ್ಲಿ ಪಳಗಿದ ಈತನನ್ನು ರುಮೇನಿಯ ದೇಶದ ತರಬೇತುದಾರ ಮಿರ್ಚಾ ಲುಚೆಸ್ಕು ಹಿರಿಯರ ತಂಡಕ್ಕೆ ಏರಿಸಿದನು. 1995ರ ಮೇ 21ರಂದು, ಹದಿನಾರು ತುಂಬಿ ಎರಡೇ ದಿನವಾಗಿದ್ದಾಗ, ಇಟಲಿಯ ಪ್ರಥಮ ದರ್ಜೆಯ ಲೀಗಾದ ಸೀರಿ ಎಯಲ್ಲಿ ಅವನು ಕಾಲಿರಿಸಿದನು. ಆ ವರ್ಷ ಬ್ರೆಷಾ ಕೆಳದರ್ಜೆಗೆ ಇಳಿಯಿತು. ಎರಡು ವರ್ಷಗಳ ತರುವಾಯ ಮತ್ತೆ ಮೇಲಕ್ಕೆ ಬಂದಿತು. 2000ದಲ್ಲಿ ಸ್ಲೊವಾಕಿಯದಲ್ಲಿ ನಡೆದ ಇಪ್ಪತ್ತೊಂದು ವರ್ಷದೊಳಗಿನವರ ಯುರೋಪಿಯನ್ ಚಾಂಪಿಯನ್‌ಷಿಪ್ಪಿನಲ್ಲಿ ಇಟಲಿಯ ನಾಯಕನಾಗಿ, ಝೆಕ್ ತಂಡದೆದುರಿನ ಫೈನಲಿನಲ್ಲಿ ಇಟಲಿಯ ಎರಡು ಗೋಲುಗಳನ್ನೂ ತಾನೇ ಹೊಡೆದು, ಕಪ್ಪನ್ನು ಗೆದ್ದುಕೊಟ್ಟನು. ತನ್ನ ವಯಸ್ಸಿನವರ ನಡುವೆ ಯುರೋಪಿಗೇ ಶ್ರೇಷ್ಠನೆನಿಸಿಕೊಂಡವನು ಸ್ವಂತ ಕ್ಲಬ್ಬಿನಲ್ಲಿ ಬೆಂಚಿನ ಮೇಲೆ ಕುಳಿತಿರಬೇಕಾಗಿದ್ದುದು ಹೇಗೆಂದು ಓದುಗರು ಕೇಳಬಹುದು. ಇದಕ್ಕೆ ಉತ್ತರವು ಆ ಕಾಲದ ಆಟದ ರೀತಿಯಲ್ಲಿಯೇ ಇದೆ; ಆದುದರಿಂದ ಅದನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ.

ಹನ್ನೊಂದು ಮಂದಿಯ ತಂಡದಲ್ಲಿ ಎದುರಾಳಿಯ ರಕ್ಷಣಾ ಪಂಕ್ತಿಗೂ ಮಧ್ಯಪಂಕ್ತಿಗೂ ನಡುವಿನ ತೆರಪಿನಲ್ಲಿ ನಿಂತು, ಅಲ್ಲಿಂದ ಮುಂಚೂಣಿಯವರಿಗೆ ಚೆಂಡನ್ನು ಒದಗಿಸುವ ಒಬ್ಬ ಕಲಾವಿದನಿಗೆ ಇಟಲಿಯಲ್ಲಿ ಬಹುಕಾಲದಿಂದ ವಿಶೇಷವಾದ ಗೌರವವಿದ್ದಿತು. ಸಾಮಾನ್ಯವಾಗಿ 10ನೆಯ ಸಂಖ್ಯೆಯ ಅಂಗಿಯನ್ನು ತೊಡುವವನು ಅವನೇ. ಪಿರ್ಲೊ ಬಾಲ್ಯದಿಂದ ಕಲಿತದ್ದು ಆ ಸ್ಥಾನದ ಆಟವನ್ನೇ. ಆದರೆ 1980ರ ದಶಕದ ಕೊನೆಯ ವರ್ಷಗಳಲ್ಲಿ ಅರ್ರಿಗೊ ಸಾಕ್ಕಿ ಎಂಬ ತರಬೇತುದಾರನು ಎ.ಸಿ. ಮಿಲಾನ್ ತಂಡವನ್ನು ಹೊಸ ಕ್ರಮವೊಂದರಲ್ಲಿ ಆಡಿಸಿ, 1989 ಮತ್ತು 1990ರಲ್ಲಿ ಯುರೋಪಿಯನ್ ಕಪ್ಪನ್ನು ಬೆನ್ನುಬೆನ್ನಿಗೆ ಗೆಲ್ಲಿಸಿದನು. ರಕ್ಷಣೆಯವರು ತಮ್ಮ ಗೋಲಿನ ಬಳಿ ಕಾದು ನಿಲ್ಲುವುದನ್ನು ಬಿಟ್ಟು ಮುಂದಕ್ಕೆ ಬರುವುದು, ಮುಂದಿನವರು ಹಿಂದಕ್ಕೆ ಸರಿದು ಕೂಡಿಕೊಳ್ಳುವುದು, ಹೀಗೆ ಇಡೀ ತಂಡವೇ ಒಂದು ಕಿರಿದಾದ ಪಟ್ಟಿಯೊಳಗೆ ಸೇರಿ, ಚೆಂಡು ದೊರೆತ ಎದುರಾಳಿಯ ಮೇಲೆ ಕ್ಷಣಮಾತ್ರವೂ ತಡವಿಲ್ಲದೆ ಬೀಳುವುದು ಆ ಕ್ರಮದ ತಿರುಳು. ಮುಂದಿನ ಹತ್ತು ವರ್ಷಗಳಲ್ಲಿ ಇದನ್ನು ಒಂದಲ್ಲ ಒಂದು ರೂಪದಲ್ಲಿ ಅನೇಕ ತಂಡಗಳು ಅನುಸರಿಸಿದುದರಿಂದ, ಹಿಂದೆ ಕಲಾವಿದನಿಗೆ ಮೀಸಲಾಗಿದ್ದ ಆ ತೆರಪು ಮುಚ್ಚಿಹೋಯಿತು. ಅಲ್ಲಿ ಚೆಂಡನ್ನು ಪಡೆದವನಿಗೆ ತಿರುಗಿ ನೋಡಲೂ ಅವಕಾಶವಿಲ್ಲ. ನೂಕುನುಗ್ಗಲಿನಲ್ಲಿ ದೇಹಬಲದಿಂದಲೋ ಮಿಂಚಿನ ವೇಗದಿಂದಲೋ ಬಿಡಿಸಿಕೊಂಡು ಹೋಗಬಲ್ಲವನು ಮಾತ್ರ ಉಳಿದಾನು. ಪಿರ್ಲೊನಲ್ಲಿ ಇವೆರಡೂ ಇರಲಿಲ್ಲ. ಅವನಲ್ಲಿದ್ದದ್ದು ದೂರದೃಷ್ಟಿ ಮತ್ತು ಆ ದೃಷ್ಟಿಗೆ ತಪ್ಪದೆ ಸಲ್ಲುವ ಬಲಗಾಲು. ಇವುಗಳಿಗೆ ಬೇಕಾದುದು ಒಂದೆರಡು ಕ್ಷಣಗಳ ಬಿಡುವು, ಕಣ್ಣೆದುರಿಗೆ ಹರಡಿದ ಮೈದಾನ. ಇಂಟರ್ ತಂಡದ ತರಬೇತುದಾರರು ಅವನನ್ನು ನಿಲ್ಲಿಸಿದ ಜಾಗದಲ್ಲಿ ಇವೆರಡೂ ದುರ್ಲಭವಾಗಿದ್ದವು.

ಪಿರ್ಲೊ ಎರವಲಾಗಿ ಮರಳಿದಾಗ ಬ್ರೆಷಾದಲ್ಲಿ ತರಬೇತುದಾರನಾಗಿದ್ದವನು ಕಾರ್ಲೊ ಮಾಟ್ಸೋನೆ, ಇಟಲಿಯ ಅನೇಕ ಕ್ಲಬ್ಬುಗಳನ್ನು ನಡೆಸಿ ಅನುಭವ ಪಡೆದಿದ್ದ ವೃದ್ಧ. ಆತನ ತಂಡದಲ್ಲಿ 10ನೆಯ ಸಂಖ್ಯೆಯ ಸ್ಥಾನ ತೆರವಾಗಿರಲಿಲ್ಲ. ಇಟಲಿಯ ಜನತೆಯ ಆರಾಧ್ಯನಾಗಿದ್ದ ರೊಬೆರ್ಟೊ ಬಾಜ್ಜೊ ಅಲ್ಲಿ ಆಡುತ್ತಿದ್ದನು. ಪಿರ್ಲೊನನ್ನು ಬಾಜ್ಜೊನಿಗೆ ಬದಲಿಯಾಗಿ ಕೂರಿಸುವುದು ಸುಲಭವಾದ ಮಾರ್ಗವಾಗಿದ್ದಿತು. ಮಾಟ್ಸೋನೆ ಹಾಗೆ ಮಾಡದೆ, ಆ ತರುಣನನ್ನು ಬಾಜ್ಜೊನ ಹಿಂದೆ, ಬಹಳ ಹಿಂದೆ, ರಕ್ಷಕರಿಗೆ ತುಸು ಮುಂದೆ ನಿಲ್ಲಿಸಿ ಆಟವನ್ನು ಅಲ್ಲಿಂದ ಆರಂಭಿಸಹೇಳಿದನು. ರಕ್ಷಣಾ ಪಂಕ್ತಿಯ ಎದುರಿನ ಆ ಜಾಗದಲ್ಲಿ ಗಟ್ಟಿಮುಟ್ಟಾದ ಆಳನ್ನು ನಿಲ್ಲಿಸಿ ಎದುರಾಳಿಯಿಂದ ಚೆಂಡನ್ನು ಕಿತ್ತುಕೊಳ್ಳುವ ಕೆಲಸ ಮಾಡಿಸುವುದು ರೂಢಿ. ಅಲ್ಲಿ ಒಬ್ಬ ಸೂಕ್ಷ್ಮ ಕಲಾವಿದನನ್ನು ನಿಲ್ಲಿಸುವುದಕ್ಕೆ ಧೈರ್ಯ ಬೇಕು, ಧೈರ್ಯಕ್ಕಿಂತ ಹೆಚ್ಚಾಗಿ ಆ ಕಲಾವಿದನಲ್ಲಿ ವಿಶ್ವಾಸ ಬೇಕು. 2023ರಲ್ಲಿ ತೀರಿಕೊಂಡ ಮಾಟ್ಸೋನೆ ದೊಡ್ಡ ಕಪ್ಪುಗಳನ್ನು ಗೆದ್ದವನಲ್ಲ. ಆದರೆ ಇಟಲಿಯ ಕಾಲ್ಚೆಂಡಿಗೆ ಆತ ಮಾಡಿದ ಈ ಒಂದು ಉಪಕಾರವು ಅನೇಕ ಕಪ್ಪುಗಳಿಗೆ ಸಮಾನವಾದುದೆಂದು ನನ್ನ ಅಭಿಪ್ರಾಯ.

ಈ ಹೊಸ ವ್ಯವಸ್ಥೆಯ ಪ್ರಥಮ ಫಲವನ್ನು ಜನ ಕಂಡದ್ದು 2001ರ ಏಪ್ರಿಲ್ 1ರಂದು, ಟ್ಯೂರಿನ್ ನಗರದಲ್ಲಿ, ಬಲಿಷ್ಠವಾದ ಯುವೆಂಟಸ್ ತಂಡದೆದುರು. ಬ್ರೆಷಾ ಒಂದು ಗೋಲಿನಿಂದ ಹಿಂದಿದ್ದಿತು. ಪಂದ್ಯ ಮುಗಿಯಲು ಸ್ವಲ್ಪವೇ ಕಾಲವಿದ್ದಾಗ ಪಿರ್ಲೊ ಮೈದಾನದ ಮಧ್ಯದಿಂದ ತಲೆಯೆತ್ತಿ ನೋಡಿ, ಯುವೆಂಟಸ್ ರಕ್ಷಕರ ತಲೆಗಳ ಮೇಲಿಂದ ಸಾಗುವಂತೆ ನೀಳವಾದ ಪಾಸೊಂದನ್ನು ಎಸೆದನು. ಓಡುತ್ತಿದ್ದ ಬಾಜ್ಜೊನ ಭುಜದ ಮೇಲಿಂದ ಬಂದಿಳಿದ ಆ ಚೆಂಡನ್ನು ಬಾಜ್ಜೊ ಒಂದೇ ಸ್ಪರ್ಶದಲ್ಲಿ ಪಳಗಿಸಿ, ಅದೇ ಸ್ಪರ್ಶದಲ್ಲಿ ಗೋಲ್‌ಕೀಪರ್ ವಾನ್ ಡೆರ್ ಸಾರ್‌ನನ್ನೂ ದಾಟಿ, ಬರಿದಾದ ಗೋಲಿನೊಳಕ್ಕೆ ತಳ್ಳಿದನು. ಆ ಗೋಲನ್ನು ಇಂದಿಗೂ ಬಾಜ್ಜೊನ ಹೆಸರಿನಲ್ಲಿಯೇ ನೆನೆಯುತ್ತಾರೆ, ಅದು ನ್ಯಾಯವೇ. ಯುವೆಂಟಸ್ ತಂಡದ ತರಬೇತುದಾರನಾಗಿ ಮೈದಾನದ ಅಂಚಿನಲ್ಲಿ ನಿಂತು ಇದನ್ನು ನೋಡಿದವನು ಕಾರ್ಲೊ ಆಂಚೆಲೊಟ್ಟಿ. ಅದೇ ವರ್ಷದ ಬೇಸಗೆಯಲ್ಲಿ ಇಂಟರ್ ಕ್ಲಬ್ಬು ಪಿರ್ಲೊನನ್ನು ನೆರೆಯ ವೈರಿಯಾದ ಎ.ಸಿ. ಮಿಲಾನ್‌ಗೆ ಮಾರಿತು; ನವೆಂಬರಿನಲ್ಲಿ ಆಂಚೆಲೊಟ್ಟಿಯೂ ಆ ತಂಡದ ತರಬೇತುದಾರನಾಗಿ ಬಂದನು.

ಮಿಲಾನಿನಲ್ಲಿ ಆಗ ಪ್ರತಿಭಾವಂತರು ಬೇಕಾದುದಕ್ಕಿಂತ ಹೆಚ್ಚಾಗಿಯೇ ಇದ್ದರು. ಆಂಚೆಲೊಟ್ಟಿ ಮಧ್ಯಪಂಕ್ತಿಯ ನಾಲ್ವರನ್ನು ವಜ್ರಾಕೃತಿಯಲ್ಲಿ ನಿಲ್ಲಿಸಿದನು: ತುದಿಯಲ್ಲಿ ಪೋರ್ಚುಗಲ್ಲಿನ ರುಯಿ ಕೋಸ್ಟಾ, ತರುವಾಯದ ವರ್ಷಗಳಲ್ಲಿ ಬ್ರೆಜಿಲ್ಲಿನ ಕಾಕಾ, ಎಡಕ್ಕೆ ಡಚ್ಚರ ಸೀಡಾರ್ಫ್, ಬಲಕ್ಕೆ ಜೆನ್ನಾರೊ ಗಟ್ಟೂಸೊ, ಎಲ್ಲರ ಹಿಂದೆ, ವಜ್ರದ ಬುಡದಲ್ಲಿ, ಪಿರ್ಲೊ. ಈ ವ್ಯವಸ್ಥೆಯನ್ನು ಕುರಿತು ಹೇಳುವಾಗ ಗಟ್ಟೂಸೊನ ಹೆಸರನ್ನು ಅಡ್ಡಮಾತಿನಂತೆ ಹೇಳಿ ಮುಂದೆ ಹೋಗುವುದು ಕೃತಘ್ನತೆಯಾದೀತು. ಕಲಾಬ್ರಿಯಾ ಪ್ರಾಂತದಿಂದ ಬಂದ ಆ ಗಡ್ಡದ ಮನುಷ್ಯ ಸೊಗಸಾದ ಆಟವನ್ನು ತಾನು ಆಡಬಲ್ಲೆನೆಂದು ಎಂದೂ ಹೇಳಿಕೊಂಡವನಲ್ಲ. ಪಿರ್ಲೊ ಓಡಬೇಕಾಗಿದ್ದ ಓಟವನ್ನೆಲ್ಲ ತಾನು ಓಡಿ, ಪಿರ್ಲೊನ ಮೇಲೆ ಬೀಳಲಿದ್ದವರನ್ನೆಲ್ಲ ತಾನು ಎದುರಿಸಿ, ಗೆದ್ದ ಚೆಂಡನ್ನು ನಾಲ್ಕು ಹೆಜ್ಜೆ ದೂರದಲ್ಲಿದ್ದ ಗೆಳೆಯನಿಗೆ ಒಪ್ಪಿಸಿ ಮತ್ತೆ ಓಡುತ್ತಿದ್ದನು. ಮಿಲಾನಿನಲ್ಲಿಯೂ ರಾಷ್ಟ್ರೀಯ ತಂಡದಲ್ಲಿಯೂ ಇವರಿಬ್ಬರು ಹೀಗೆ ವರ್ಷಾನುವರ್ಷ ಜೊತೆಗೂಡಿ ಆಡಿದರು. ಪಿರ್ಲೊನಿಗೆ ದೊರೆತ ಬಿಡುವಿನ ಕ್ಷಣಗಳಲ್ಲಿ ಅರ್ಧಪಾಲು ಗಟ್ಟೂಸೊನ ಬೆವರಿನಿಂದ ಸಂಪಾದಿತವಾದುವು.

ಇನ್ನು ಆ ಕ್ಷಣಗಳಲ್ಲಿ ಪಿರ್ಲೊ ಮಾಡುತ್ತಿದ್ದುದೇನು? ಚೆಂಡು ತನ್ನ ಕಾಲಿಗೆ ಬರುವ ಮೊದಲೇ ಅವನು ತಲೆಯನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಯಾರು ಎಲ್ಲಿದ್ದಾರೆಂಬುದನ್ನು ಮನಸ್ಸಿನಲ್ಲಿ ಗುರುತಿಸಿಕೊಂಡಿರುತ್ತಿದ್ದನು. ಆದುದರಿಂದ ಚೆಂಡು ಬಂದಾಗ ಅವನಿಗೆ ಯೋಚಿಸಬೇಕಾದುದು ಬಹಳ ಉಳಿದಿರುತ್ತಿರಲಿಲ್ಲ. ಎದುರಾಳಿಯ ಮುಂಚೂಣಿಯವರು ಸ್ವಭಾವತಃ ರಕ್ಷಣೆಯ ಶ್ರಮಕ್ಕೆ ಒಲ್ಲದವರು. ಎದುರಾಳಿಯ ಮಧ್ಯಪಂಕ್ತಿಯವರು ಅಷ್ಟು ದೂರ ಮುಂದಕ್ಕೆ ಬಂದರೆ ಅವರ ಬೆನ್ನಿಗೆ ಬಯಲು ತೆರೆದುಕೊಳ್ಳುತ್ತದೆ. ಹೀಗಾಗಿ ಅವನ ಬಳಿಗೆ ಹೋಗುವುದೂ ಅಪಾಯ, ಹೋಗದಿರುವುದೂ ಅಪಾಯ. ಅವನ ಪಾಸುಗಳಲ್ಲಿ ಬಹುಪಾಲು ಹತ್ತಿರದವು, ಪಕ್ಕದವು, ನೋಡುವವನಿಗೆ ನಿಸ್ಸಾರವೆಂದು ತೋರುವಂಥವು. ಎಡಕ್ಕೊಂದು, ಮತ್ತೆ ಬಲಕ್ಕೊಂದು, ಹಿಂದಕ್ಕೊಂದು. ಆದರೆ ಪ್ರತಿಯೊಂದು ಪಾಸಿಗೂ ಎದುರಾಳಿಯ ಸಾಲು ಆ ಕಡೆಗೆ ಒಂದೆರಡು ಹೆಜ್ಜೆ ಸರಿಯಬೇಕಾಗುತ್ತಿತ್ತು. ಹಾಗೆ ಸರಿಯುತ್ತ ಸರಿಯುತ್ತ ಎಲ್ಲಿಯೋ ಒಂದು ಬಿರುಕು ಬಿಟ್ಟೊಡನೆ, ಮೂವತ್ತು ನಲವತ್ತು ಗಜದ ದೂರಕ್ಕೆ ಚೆಂಡು ಹಾರಿ, ಓಡುವವನ ಕಾಲಿನ ಮುಂದೆಯೇ ಇಳಿಯುತ್ತಿತ್ತು. ನಮ್ಮ ಊರುಗಳಲ್ಲಿ ಕೆರೆಯ ತೂಬನ್ನು ಕಾಯುತ್ತಿದ್ದ ನೀರುಗಂಟಿಯು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹಾಯಬೇಕೆಂಬುದನ್ನು ಇಡೀ ಬಯಲನ್ನು ಕಣ್ಣಿನಲ್ಲಿಟ್ಟುಕೊಂಡು ನಿರ್ಧರಿಸುತ್ತಿದ್ದಂತೆ, ತಂಡದ ಆಟದ ಹರಿವೆಲ್ಲ ಈತನ ಬಳಿಯಲ್ಲಿ ಒಮ್ಮೆ ನಿಂತು, ಈತ ತಿರುಗಿಸಿದತ್ತ ಹರಿಯುತ್ತಿತ್ತು.

ಈ ತಂಡ 2003ರಲ್ಲಿ ಮ್ಯಾಂಚೆಸ್ಟರಿನಲ್ಲಿ ಯುವೆಂಟಸ್ಸನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಚಾಂಪಿಯನ್ಸ್ ಲೀಗನ್ನು ಗೆದ್ದಿತು. ಮರುವರ್ಷ ಇಟಲಿಯ ಲೀಗನ್ನೂ ಗೆದ್ದಿತು. 2005ರ ಇಸ್ತಾನ್‌ಬುಲ್ ಫೈನಲಿನ ಕಥೆ ಬೇರೆ. ಮೊದಲನೆಯ ನಿಮಿಷದಲ್ಲಿಯೇ ಪಿರ್ಲೊ ಎತ್ತಿಕೊಟ್ಟ ಫ್ರೀಕಿಕ್ಕನ್ನು ನಾಯಕ ಮಾಲ್ಡಿನಿ ಗೋಲಾಗಿಸಿದನು. ಅರ್ಧವಿರಾಮದ ಹೊತ್ತಿಗೆ ಮಿಲಾನ್ ಮೂರು ಗೋಲುಗಳಿಂದ ಮುಂದಿದ್ದಿತು. ಅನಂತರ ಆರೇ ನಿಮಿಷಗಳಲ್ಲಿ ಲಿವರ್‌ಪೂಲ್ ಮೂರನ್ನೂ ತೀರಿಸಿತು. ಕೊನೆಗೆ ಪೆನಾಲ್ಟಿಗಳಲ್ಲಿ ಪಿರ್ಲೊ ಹೊಡೆದ ಚೆಂಡನ್ನು ಗೋಲ್‌ಕೀಪರ್ ದುದೆಕ್ ತಡೆದನು. ಆ ರಾತ್ರಿಯ ತರುವಾಯ ಆಟವನ್ನೇ ಬಿಟ್ಟುಬಿಡುವ ಯೋಚನೆ ತನಗೆ ಬಂದಿತ್ತೆಂದು ಪಿರ್ಲೊ 2013ರಲ್ಲಿ ಹೊರಬಂದ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ. ಹೊರನೋಟಕ್ಕೆ ಭಾವಶೂನ್ಯನಂತೆ, ನಿದ್ದೆಗಣ್ಣಿನವನಂತೆ ಕಾಣುತ್ತಿದ್ದವನ ಅಂತರಂಗ ಎಂಥದಿದ್ದಿತೆಂಬುದು ಇದರಿಂದ ತಿಳಿಯುತ್ತದೆ. ಎರಡು ವರ್ಷಗಳಾದ ಮೇಲೆ ಅಥೆನ್ಸಿನಲ್ಲಿ ಅದೇ ಲಿವರ್‌ಪೂಲನ್ನು 2–1ರಿಂದ ಸೋಲಿಸಿದಾಗ, ಮೊದಲ ಗೋಲು ಪಿರ್ಲೊನ ಫ್ರೀಕಿಕ್ ಜೊತೆಯಾಟಗಾರ ಇನ್‌ಜಾಗಿಯ ಮೈಗೆ ತಗಲಿ ದಿಕ್ಕು ಬದಲಿಸಿದುದರಿಂದ ಆದುದು.

ಫ್ರೀಕಿಕ್ಕಿನ ವಿದ್ಯೆಯಲ್ಲಿ ಈತನ ಸಾಧನೆ ಪ್ರತ್ಯೇಕವಾಗಿ ಹೇಳತಕ್ಕದ್ದು. ಫ್ರಾನ್ಸಿನ ಲಿಯಾನ್ ಕ್ಲಬ್ಬಿನಲ್ಲಿ ಆಡುತ್ತಿದ್ದ ಬ್ರೆಜಿಲ್ಲಿನ ಜುನಿನ್ಯೊ ಹೊಡೆದ ಚೆಂಡು ಗಾಳಿಯಲ್ಲಿ ತಿರುಗದೆ ಸಾಗಿ, ಕೊನೆಯಲ್ಲಿ ಹಠಾತ್ತಾಗಿ ಕುಸಿಯುತ್ತಿದ್ದುದನ್ನು ನೋಡಿದ ಪಿರ್ಲೊ, ಆಗಲೇ ಪ್ರಸಿದ್ಧನಾಗಿದ್ದರೂ ಶಿಷ್ಯನಂತೆ ಅದರ ಬೆನ್ನು ಹತ್ತಿದನು. ದೃಶ್ಯಮುದ್ರಣಗಳನ್ನು ನೋಡಿದನು, ಅಭ್ಯಾಸದ ಮೈದಾನದಲ್ಲಿ ದಿನಗಟ್ಟಲೆ ಹೊಡೆದು ಸೋತನು, ಕೊನೆಗೆ, ಚೆಂಡನ್ನು ಪಾದದ ಒಳಬದಿಯಿಂದ ಹೊಡೆಯದೆ ಮೂರು ಬೆರಳುಗಳಿಂದ ಮಾತ್ರ ಅಡಿಯಿಂದ ತಾಗಿಸುವುದರಲ್ಲಿ ರಹಸ್ಯವಿದೆಯೆಂದು ಕಂಡುಕೊಂಡನು. ಆಟದಿಂದ ನಿವೃತ್ತನಾಗುವ ಹೊತ್ತಿಗೆ ಸೀರಿ ಎಯಲ್ಲಿ ಫ್ರೀಕಿಕ್ಕಿನಿಂದ ಅವನು ಹೊಡೆದ ಗೋಲುಗಳು 26.

2006ರ ವಿಶ್ವಕಪ್ಪಿಗೆ ಇಟಲಿ ಹೊರಟದ್ದು ಶುಭಮುಹೂರ್ತದಲ್ಲಲ್ಲ. ತೀರ್ಪುಗಾರರ ನೇಮಕದಲ್ಲಿ ಕ್ಲಬ್ಬುಗಳ ಅಧಿಕಾರಿಗಳು ಕೈಯಾಡಿಸಿದರೆಂಬ ಹಗರಣವು ಆ ಮೇ ತಿಂಗಳಿನಲ್ಲಿ ಬಯಲಾಗಿ, ದೇಶದ ಕಾಲ್ಚೆಂಡಿನ ಮಾನವೇ ಬೀದಿಗೆ ಬಿದ್ದಿತ್ತು. ಅಂಥ ಸಮಯದಲ್ಲಿ ತರಬೇತುದಾರ ಮಾರ್ಚೆಲ್ಲೊ ಲಿಪ್ಪಿ ಜರ್ಮನಿಗೆ ಕರೆದೊಯ್ದ ತಂಡದ ಮೊದಲ ಗೋಲನ್ನು, ಹ್ಯಾನೋವರಿನಲ್ಲಿ ಘಾನಾದೆದುರು, ದೂರದಿಂದ ಹೊಡೆದವನು 21ನೆಯ ಸಂಖ್ಯೆಯ ಅಂಗಿಯ ಪಿರ್ಲೊ. ಆದರೆ ಆ ಟೂರ್ನಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಹೋಗಿ ನಿಲ್ಲುವುದು ಜುಲೈ 4ರ ಡಾರ್ಟ್ಮುಂಡ್ ಸೆಮಿಫೈನಲಿನಲ್ಲಿ. ಎದುರಿಗೆ ಆತಿಥೇಯ ಜರ್ಮನಿ. ಆ ನಗರದಲ್ಲಿ ಜರ್ಮನಿಯ ರಾಷ್ಟ್ರೀಯ ತಂಡ ಅದುವರೆಗೆ ಸೋಲನ್ನು ಕಂಡಿರಲಿಲ್ಲ. ತೊಂಬತ್ತು ನಿಮಿಷಗಳಲ್ಲಿ ಗೋಲಿಲ್ಲ. ಹೆಚ್ಚುವರಿ ಆಟದ ಆರಂಭದಲ್ಲಿ ಇಟಲಿಯ ಒಂದು ಹೊಡೆತ ಗೋಲಿನ ಕಂಬಕ್ಕೂ ಮತ್ತೊಂದು ಅಡ್ಡಪಟ್ಟಿಗೂ ಬಡಿದು ಮರಳಿದವು. ಪೆನಾಲ್ಟಿಗಳಿಗೆ ಹೋದರೆ ವಿಶ್ವಕಪ್ಪಿನಲ್ಲಿ ಎಂದೂ ಸೋಲದ ಜರ್ಮನರ ಕೈ ಮೇಲಾಗುವುದೆಂದು ಬಲ್ಲ ಲಿಪ್ಪಿ, ಒಬ್ಬರ ಮೇಲೊಬ್ಬರಂತೆ ಆಕ್ರಮಣಕಾರರನ್ನೇ ಕಣಕ್ಕಿಳಿಸುತ್ತ ಬಂದನು.

119ನೆಯ ನಿಮಿಷ. ಡೆಲ್ ಪಿಯೆರೊ ಹೊಡೆದ ಕಾರ್ನರನ್ನು ಜರ್ಮನ್ ರಕ್ಷಕರು ತಲೆಯಿಂದ ಹೊರಕ್ಕಟ್ಟಿದರು. ಚೆಂಡು ಪೆನಾಲ್ಟಿ ಆವರಣದ ಅಂಚಿನಲ್ಲಿದ್ದ ಪಿರ್ಲೊನ ಬಳಿಗೆ ಬಂದಿತು. ಎರಡು ಗಂಟೆ ಓಡಿ ಕಾಲು ಸೋತ ಇತರ ಯಾವನಾದರೂ ಅಲ್ಲಿಂದ ಗೋಲಿನತ್ತ ಕಣ್ಣುಮುಚ್ಚಿ ಹೊಡೆದಿರುತ್ತಿದ್ದನು. ಪಿರ್ಲೊ ಹೊಡೆಯಲಿಲ್ಲ. ಚೆಂಡನ್ನು ಕಾಲಿನಲ್ಲಿಯೇ ಇಟ್ಟುಕೊಂಡು ಆವರಣದ ಅಂಚಿನುದ್ದಕ್ಕೂ ಬಲಕ್ಕೆ ಸರಿಯತೊಡಗಿದನು. ಈಗ ಹೊಡೆದಾನು, ಈಗ ಹೊಡೆದಾನು ಎಂದು ಜರ್ಮನರು ಒಬ್ಬೊಬ್ಬರಾಗಿ ಅವನತ್ತ ಸೆಳೆಯಲ್ಪಟ್ಟರು. ಅವರ ಕಣ್ಣುಗಳೆಲ್ಲ ಅವನ ಕಾಲಿನ ಮೇಲೆ ನೆಟ್ಟಿದ್ದಾಗ, ತಾನು ಅತ್ತ ನೋಡದೆಯೇ, ಅವರ ನಡುವಿನ ಸಂದಿಯಲ್ಲಿ ಚೆಂಡನ್ನು ಫಾಬಿಯೊ ಗ್ರೊಸ್ಸೊನ ಎಡಗಾಲಿಗೆ ಜಾರಿಸಿದನು. ಗ್ರೊಸ್ಸೊ ತಡಮಾಡದೆ ಹೊಡೆದ ಚೆಂಡು ಬಾಗಿಕೊಂಡು ಹೋಗಿ ದೂರದ ಕಂಬದ ಒಳಬದಿಯಿಂದ ಗೋಲನ್ನು ಸೇರಿತು. ಕ್ಷಣಗಳಲ್ಲಿ ಡೆಲ್ ಪಿಯೆರೊ ಮತ್ತೊಂದನ್ನು ಸೇರಿಸಿದನು. ಇಡೀ ಮೈದಾನದಲ್ಲಿ ಎಲ್ಲರಿಗೂ ಅವಸರವಿದ್ದಾಗ ಒಬ್ಬನಿಗೆ ಮಾತ್ರ ಅವಸರವಿಲ್ಲದಿರುವುದು ಸಾಮಾನ್ಯ ಗುಣವಲ್ಲ. ಹೊಡೆಯದೆ ಕಾದ ಆ ಮೂರು ನಾಲ್ಕು ಹೆಜ್ಜೆಗಳಷ್ಟು ಪರಿಪೂರ್ಣವಾದುದನ್ನು ನಾನು ಈ ಆಟದಲ್ಲಿ ಹೆಚ್ಚಾಗಿ ಕಂಡಿಲ್ಲ.

ಫೈನಲಿನಲ್ಲಿ ಫ್ರಾನ್ಸಿನ ಜಿಡಾನ್ ಏಳನೆಯ ನಿಮಿಷದಲ್ಲಿ ಪೆನಾಲ್ಟಿಯಿಂದ ಗೋಲು ಹೊಡೆದನು. ಪಿರ್ಲೊನ ಕಾರ್ನರಿಗೆ ತಲೆಕೊಟ್ಟು ಮಾಟೆರಾಟ್ಸಿ ಅದನ್ನು ಸರಿಗಟ್ಟಿದನು. ಶೂಟೌಟಿನಲ್ಲಿ ಇಟಲಿಯ ಮೊದಲ ಹೊಡೆತದ ಭಾರವನ್ನು ಹೊತ್ತವನೂ, ಅದನ್ನು ನಿರ್ವಂಚನೆಯಿಂದ ಸಲ್ಲಿಸಿದವನೂ ಪಿರ್ಲೊನೇ. ಇಟಲಿ 5–3ರಿಂದ ಗೆದ್ದಿತು. ಆದರೆ ಟೂರ್ನಿಯ ಶ್ರೇಷ್ಠ ಆಟಗಾರನಿಗೆ ಕೊಡುವ ಚಿನ್ನದ ಚೆಂಡು ಜಿಡಾನ್‌ಗೂ, ಬೆಳ್ಳಿಯದು ಇಟಲಿಯ ನಾಯಕ ಕನ್ನವಾರೊನಿಗೂ ಸಂದು, ಪಿರ್ಲೊನಿಗೆ ದೊರೆತದ್ದು ಕಂಚಿನದು. ಘಾನಾದೆದುರಿನ ಪಂದ್ಯ, ಸೆಮಿಫೈನಲು, ಫೈನಲು, ಈ ಮೂರರಲ್ಲಿಯೂ ಪಂದ್ಯಶ್ರೇಷ್ಠನೆನಿಸಿದವನಿಗೆ ಟೂರ್ನಿಯಲ್ಲಿ ಮೂರನೆಯ ಸ್ಥಾನವೆಂಬ ಆ ನಿರ್ಣಯವನ್ನು ನಾನು ಒಪ್ಪಲಾರೆ.

ಈತನಲ್ಲಿ ದೌರ್ಬಲ್ಯವಿರಲಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರ. ಅವನು ನಿಧಾನಿ, ಚೆಂಡನ್ನು ಕಿತ್ತುಕೊಳ್ಳುವ ಕಲೆಯಲ್ಲಿ ಸಾಮಾನ್ಯ, ಬಿಡುವಿನ ಕ್ಷಣಗಳನ್ನು ಕಸಿದುಕೊಂಡರೆ ಅವನ ಆಟವೇ ನಿಲ್ಲುತ್ತಿತ್ತು. 2010ರ ಮಾರ್ಚಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ ಅಲೆಕ್ಸ್ ಫರ್ಗುಸನ್ ಇದನ್ನು ಚೆನ್ನಾಗಿ ಅರಿತು, ದಣಿವೆಂಬುದನ್ನೇ ಕಾಣದ ಕೊರಿಯಾದ ಪಾರ್ಕ್ ಜಿ ಸುಂಗ್‌ನನ್ನು ಪಿರ್ಲೊನ ನೆರಳಿನಂತೆ ಹಿಂಬಾಲಿಸಲು ನೇಮಿಸಿದನು. ಮಿಲಾನ್ 4–0ಯಿಂದ ಸೋತಿತು. ಅಷ್ಟರಲ್ಲಿ ಪಿರ್ಲೊನಿಗೆ ಮೂವತ್ತು ದಾಟಿತ್ತು, ಗಾಯಗಳು ಆರಂಭವಾಗಿದ್ದವು, ಹೊಸ ತರಬೇತುದಾರ ಮಾಸ್ಸಿಮಿಲಿಯಾನೊ ಅಲ್ಲೆಗ್ರಿ ರಕ್ಷಣಾ ಪಂಕ್ತಿಯ ಮುಂದೆ ಕಸುವುಳ್ಳವರನ್ನು ನಿಲ್ಲಿಸಲು ಇಷ್ಟಪಟ್ಟನು. 2011ರಲ್ಲಿ ಮಿಲಾನ್ ಲೀಗನ್ನು ಗೆದ್ದ ಮೇಲೆ, ಹತ್ತು ವರ್ಷ ಸೇವೆ ಸಲ್ಲಿಸಿದ ಆಟಗಾರನನ್ನು ಕ್ಲಬ್ಬು ಹಣವೇನನ್ನೂ ಪಡೆಯದೆ ಬಿಟ್ಟುಕೊಟ್ಟಿತು.

ಅವನನ್ನು ಕರೆದುಕೊಂಡ ಯುವೆಂಟಸ್ ಆಗ ಎರಡು ವರ್ಷಗಳಿಂದ ಏಳನೆಯ ಸ್ಥಾನದಲ್ಲಿ ತೊಳಲುತ್ತಿದ್ದ ಕ್ಲಬ್ಬು. ತರಬೇತುದಾರನಾಗಿ ಹೊಸದಾಗಿ ಬಂದಿದ್ದ ಅಂಟೋನಿಯೊ ಕಾಂಟೆ, ಒಂದು ಪಕ್ಕಕ್ಕೆ ಮಾರ್ಕಿಸಿಯೊ, ಇನ್ನೊಂದು ಪಕ್ಕಕ್ಕೆ ಚಿಲಿ ದೇಶದ ವಿಡಾಲ್, ನಡುವೆ ಪಿರ್ಲೊ ಎಂದು ವ್ಯವಸ್ಥೆ ಮಾಡಿ, ಮಿಲಾನಿನಲ್ಲಿ ಗಟ್ಟೂಸೊ ಮಾಡುತ್ತಿದ್ದ ಕೆಲಸವನ್ನು ಇಬ್ಬರಿಗೆ ಹಂಚಿದನು. ಆ ಋತುವಿನ 38 ಲೀಗ್ ಪಂದ್ಯಗಳಲ್ಲಿ ಯುವೆಂಟಸ್ ಒಂದನ್ನೂ ಸೋಲದೆ ಪ್ರಶಸ್ತಿಯನ್ನು ಗೆದ್ದಿತು. ಎರಡನೆಯ ಸ್ಥಾನದಲ್ಲಿ ನಿಂತದ್ದು ಅವನನ್ನು ಬಿಟ್ಟುಕೊಟ್ಟ ಮಿಲಾನ್. ಪಿರ್ಲೊ ಅಲ್ಲಿದ್ದ ನಾಲ್ಕು ವರ್ಷಗಳಲ್ಲಿ ನಾಲ್ಕು ಸಲವೂ ಲೀಗು ಯುವೆಂಟಸ್ಸಿನ ಪಾಲಾಯಿತು. ನಾಲ್ಕನೆಯದನ್ನು ಗೆದ್ದಾಗ ತರಬೇತುದಾರನಾಗಿದ್ದವನು ಅದೇ ಅಲ್ಲೆಗ್ರಿ. ಈ ಬಾರಿ ಅವನು ಪಿರ್ಲೊನನ್ನು ಮುಖ್ಯಸ್ಥಾನದಲ್ಲಿಯೇ ಇಟ್ಟುಕೊಂಡಿದ್ದನು.

ಈ ಎರಡನೆಯ ಪ್ರಾಯದಲ್ಲಿಯೇ 2012ರ ಯುರೋಪಿಯನ್ ಚಾಂಪಿಯನ್‌ಷಿಪ್ಪು ಬಂದಿತು. ಜೂನ್ 24ರಂದು ಕೀವ್ ನಗರದಲ್ಲಿ ಇಂಗ್ಲೆಂಡಿನೆದುರಿನ ಕ್ವಾರ್ಟರ್‌ಫೈನಲು ಗೋಲಿಲ್ಲದೆ ಮುಗಿದು ಶೂಟೌಟಿಗೆ ಹೋಯಿತು. ಇಟಲಿಯ ಎರಡನೆಯ ಹೊಡೆತ ಗುರಿ ತಪ್ಪಿತ್ತು. ಇಂಗ್ಲೆಂಡ್ 2–1ರಿಂದ ಮುಂದಿತ್ತು. ಗೋಲ್‌ಕೀಪರ್ ಜೋ ಹಾರ್ಟ್ ಹೊಡೆಯುವವರನ್ನು ಬೆದರಿಸಲು ಗೋಲಿನ ಗೆರೆಯ ಮೇಲೆ ಕುಣಿಯುತ್ತಿದ್ದನು. ಮೂರನೆಯವನಾಗಿ ಬಂದ ಪಿರ್ಲೊ ಓಡಿಬಂದು, ಹಾರ್ಟ್ ಬಲಕ್ಕೆ ಹಾರುತ್ತಿದ್ದಂತೆ, ಚೆಂಡನ್ನು ಅಡಿಯಿಂದ ಮೃದುವಾಗಿ ಎತ್ತಿ ಗೋಲಿನ ನಟ್ಟನಡುವಿಗೆ ಇಳಿಸಿದನು. 1976ರ ಬೆಲ್‌ಗ್ರೇಡ್ ಫೈನಲಿನಲ್ಲಿ ಝೆಕೊಸ್ಲೊವಾಕಿಯದ ಪಾನೆಂಕಾ ಮೊದಲು ತೋರಿಸಿದ ಹೊಡೆತವದು. ಗೋಲ್‌ಕೀಪರ್ ಕದಲದೆ ನಿಂತುಬಿಟ್ಟರೆ ಹೊಡೆದವನಿಗೆ ಜೀವಮಾನದ ಅಪಕೀರ್ತಿ. ಇದನ್ನು ಆತ ಮಾಡಿದ್ದು ಮೆರೆಯುವುದಕ್ಕಲ್ಲ. ಮುಂದಿನ ಇಂಗ್ಲಿಷ್ ಆಟಗಾರರ ಎದೆಯಲ್ಲಿ ಸಂಶಯವನ್ನು ಬಿತ್ತುವುದಕ್ಕೆಂದೇ ನಾನು ತಿಳಿಯುತ್ತೇನೆ. ಆಷ್ಲೆ ಯಂಗ್ ಹೊಡೆದದ್ದು ಅಡ್ಡಪಟ್ಟಿಗೆ ಬಡಿಯಿತು, ಆಷ್ಲೆ ಕೋಲ್ ಹೊಡೆದದ್ದನ್ನು ಇಟಲಿಯ ಗೋಲ್‌ಕೀಪರ್ ಬುಫೊನ್ ತಡೆದನು, ಇಟಲಿ ಗೆದ್ದಿತು. ಸೆಮಿಫೈನಲಿನಲ್ಲಿ ಮತ್ತೆ ಜರ್ಮನಿಯನ್ನು ಸೋಲಿಸಿತು. ಫೈನಲಿನಲ್ಲಿ ಸ್ಪೇನ್ ಮಾತ್ರ 4–0ಯಿಂದ ಇಟಲಿಯನ್ನು ನೆಲಕ್ಕೆ ಹಾಕಿತು.

2015ರ ಜೂನಿನಲ್ಲಿ, ಒಂಬತ್ತು ವರ್ಷಗಳ ಹಿಂದೆ ವಿಶ್ವಕಪ್ಪನ್ನು ಎತ್ತಿದ್ದ ಅದೇ ಬರ್ಲಿನ್ ಮೈದಾನದಲ್ಲಿ, ಚಾಂಪಿಯನ್ಸ್ ಲೀಗ್ ಫೈನಲನ್ನು ಬಾರ್ಸಿಲೋನಾಕ್ಕೆ ಸೋತು, ಕಣ್ಣೀರಿನೊಡನೆ ಅವನು ಯುವೆಂಟಸ್ಸನ್ನು ಬಿಟ್ಟನು. ನ್ಯೂಯಾರ್ಕ್ ಸಿಟಿ ಕ್ಲಬ್ಬಿನಲ್ಲಿ ಕಳೆದ ಕೊನೆಯ ಎರಡೂವರೆ ವರ್ಷಗಳ ಬಗ್ಗೆ ಹೆಚ್ಚು ಹೇಳುವಂತಿಲ್ಲ. ಕಾಲು ಇನ್ನಷ್ಟು ಸೋತಿತ್ತು, ಅವನ ಪಾಲಿನ ಓಟವನ್ನು ಓಡಲು ಪಕ್ಕದಲ್ಲಿ ಗಟ್ಟೂಸೊ ಇರಲಿಲ್ಲ. 2017ರ ನವೆಂಬರಿನಲ್ಲಿ ಆಟವನ್ನು ನಿಲ್ಲಿಸಿದನು. ಇಟಲಿಯ ಪರವಾಗಿ 2002ರಿಂದ 2015ರ ವರೆಗೆ ಆಡಿದ ಪಂದ್ಯಗಳು 116, ಗೋಲುಗಳು 13. 2020ರಲ್ಲಿ ಯುವೆಂಟಸ್ ತನ್ನ ಹಿರಿಯರ ತಂಡವನ್ನೇ, ತರಬೇತುದಾರನಾಗಿ ಒಂದು ಪಂದ್ಯದ ಅನುಭವವೂ ಇಲ್ಲದ ಅವನ ಕೈಗೆ ಕೊಟ್ಟಿತು. ಕೊಪ್ಪಾ ಇಟಾಲಿಯಾ ಬಂದಿತು. ಆದರೆ ಒಂಬತ್ತು ವರ್ಷ ಎಡೆಬಿಡದೆ ಗೆದ್ದಿದ್ದ ಲೀಗು ಕೈಬಿಟ್ಟು ತಂಡ ನಾಲ್ಕನೆಯದಾಯಿತು. ಒಂದೇ ವರ್ಷಕ್ಕೆ ಅವನನ್ನು ಬೀಳ್ಕೊಟ್ಟರು. ಅನಂತರ ಟರ್ಕಿಯಲ್ಲಿಯೂ, ಇಟಲಿಯ ಸಂಪ್ದೋರಿಯಾದಲ್ಲಿಯೂ ತರಬೇತು ಕೊಟ್ಟನು. ಆಟಗಾರನಾಗಿದ್ದಾಗ ಯುರೋಪಿನ ಅತ್ಯುನ್ನತ ವೈಯಕ್ತಿಕ ಪ್ರಶಸ್ತಿಯಾದ ಬ್ಯಾಲನ್ ಡಿಓರ್ ಅವನಿಗೆ ಒಮ್ಮೆಯೂ ಸಲ್ಲಲಿಲ್ಲ. ಗೋಲಿನ ಬಳಿ ನಿಲ್ಲುವವರಿಗೇ ಹೆಚ್ಚಾಗಿ ಒಲಿಯುವ ಆ ಪ್ರಶಸ್ತಿ ಗೋಲಿನಿಂದ ದೂರ ನಿಂತವನನ್ನು ಕಾಣದೆ ಹೋದುದು ಅದರ ಕೊರತೆಯೇ ಹೊರತು ಪಿರ್ಲೊನ ಕೊರತೆಯಲ್ಲ.

ಓದುಗರಲ್ಲಿ ನನ್ನದೊಂದು ವಿಜ್ಞಾಪನೆ. ಡಾರ್ಟ್ಮುಂಡಿನ ಆ ಸೆಮಿಫೈನಲಿನ ದೃಶ್ಯಮುದ್ರಣ ದೊರೆತಾಗ, ಗೋಲುಗಳನ್ನಷ್ಟೇ ಕತ್ತರಿಸಿ ಜೋಡಿಸಿದುದನ್ನು ನೋಡದೆ, ಹೆಚ್ಚುವರಿ ಆಟದ ಮೂವತ್ತು ನಿಮಿಷಗಳನ್ನು ಪೂರ್ತಿಯಾಗಿ ನೋಡಿರಿ. ಕಣ್ಣನ್ನು ಚೆಂಡಿನ ಹಿಂದೆ ಓಡಿಸದೆ, 21ನೆಯ ಸಂಖ್ಯೆಯ ನೀಲಿ ಅಂಗಿಯವನು ಚೆಂಡಿಲ್ಲದಿರುವಾಗ ಎಲ್ಲಿ ನಿಲ್ಲುತ್ತಾನೆ, ಎತ್ತ ನೋಡುತ್ತಾನೆ ಎಂಬುದನ್ನು ಗಮನಿಸಿರಿ. ಮಕ್ಕಳಿಗೆ ಈ ಆಟವನ್ನು ಕಲಿಸುವವರು ಅವರನ್ನೂ ಜೊತೆಗೆ ಕೂರಿಸಿಕೊಂಡು ನೋಡಲಿ.